ದೊಡ್ಡಮ್ಮನ ಹೆಬ್ಬೆರಳಿಗೆ ಸರ್ಕಾರಿ ಮುದ್ರೆ

ಮಾಯಾ ನಿಯಂತ್ರಣ ಇಲಾಖೆಯವರು ನಮ್ಮ ದೊಡ್ಡಮ್ಮನ ಬಲಗೈ ಹೆಬ್ಬೆರಳಿಗೆ ತಗಡಿನ ಟೊಪ್ಪಿ ಹಾಕಿ, ಅದರ ಮೇಲೆ ಅರಗಿನ ಮುದ್ರೆ ಒತ್ತಿ ಮನೆಗೆ ಕಳಿಸಿದರು. ಅದನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ದೊಡ್ಡಮ್ಮ ನನ್ನ ತಾಯಿಯ ಅಕ್ಕ. ಬೀದಿಗೆಲ್ಲ ಬೆಸುಗೆ ದೊಡ್ಡಮ್ಮ. ಒಡೆದ ಪಾತ್ರೆಯ ಬಿರುಕಿನ ಮೇಲೆ ಹೆಬ್ಬೆರಳು ಎಳೆದರೆ ಸಾಕು, ಚೂರುಗಳು ಕೂಡಿಕೊಳ್ಳುತ್ತಿದ್ದವು. ಆದರೆ ಒಂದು ಕಟ್ಟಲೆ ಇತ್ತು. ಒಂದು ಚೂರನ್ನು ಅವಳು ಹಿಡಿದರೆ ಇನ್ನೊಂದನ್ನು ಅದರ ಒಡೆಯರೇ ಹಿಡಿಯಬೇಕು, ಅದು ಹೇಗೆ ಒಡೆಯಿತೆಂದು ನಿಜ ಹೇಳಬೇಕು. ಸುಳ್ಳು ಹೇಳಿದರೆ ಜಪ್ಪಯ್ಯ ಅಂದರೂ ಕೂಡುತ್ತಿರಲಿಲ್ಲ. ಒಮ್ಮೆ ಹಿಂದಿನ ಮನೆಯ ಗಂಡ ಹೆಂಡತಿ ಒಡೆದ ಹೂಜಿ ತಂದರು. ಬೆಕ್ಕು ಬೀಳಿಸಿತು ಎಂದ ಗಂಡ. ದೊಡ್ಡಮ್ಮ ಬೆರಳೆಳೆದು ನೋಡಿ, “ಪಾಪ, ಆ ಬೆಕ್ಕನ್ನ ಬಿಟ್ಬಿಡಪ್ಪ. ಸ್ವಲ್ಪ ಹಿಂದಿನಿಂದ ಹೇಳು” ಎಂದಳು. ಅವನು ತಲೆ ತಗ್ಗಿಸಿ, ಸಿಟ್ಟಿನಲ್ಲಿ ತಾನೇ ಎಸೆದೆ ಎಂದ. ಹೂಜಿ ಕೂಡಿತು. ಅವರಿಬ್ಬರೂ ಮಾತಾಡಿಕೊಳ್ಳುತ್ತಾ ಮನೆಗೆ ಹೋದರು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ನಮ್ಮಲ್ಲಿ ಆ ಪೂಜಾರಿಯ ಕೆಲಸಕ್ಕೆ ಒಂದು ಇಲಾಖೆಯೇ ಹುಟ್ಟಿಕೊಂಡಿತು. ಚಿಟಿಕೆ ಹೊಡೆದು ದೀಪ ಹಚ್ಚುತ್ತಿದ್ದ ಎದುರುಮನೆ ಅಜ್ಜನಿಗೆ ಅಗ್ನಿಶಾಮಕ ದಳದ ಒಪ್ಪಿಗೆ ತರಲು ಹೇಳಿದರು. ಅವನೀಗ ಬೆಂಕಿಪೊಟ್ಟಣ ಕೊಳ್ಳುತ್ತಾನೆ. ಬಾಡಿದ ಗಿಡಗಳನ್ನು ಮಾತಾಡಿಸಿಯೇ ಚಿಗುರಿಸುವ ಹೂವಿನವಳಿಗೆ, ಗಿಡದ ಸಮ್ಮತಿಪತ್ರ ಎಲ್ಲಿ ಎಂದರು. ನಾವು ನಕ್ಕೆವು. ಅಷ್ಟರಲ್ಲಿ ದೊಡ್ಡಮ್ಮನಿಗೂ ಕರೆ ಬಂತು. ಪರೀಕ್ಷೆಯಲ್ಲಿ ಪಾಸಾದರೆ ಪರವಾನಗಿ, ಇಲ್ಲದಿದ್ದರೆ ಬೆರಳಿಗೆ ಮುದ್ರೆ.

ಜೊತೆಗೆ ನಾನೂ ಹೋದೆ. ಪರೀಕ್ಷಾ ಕೋಣೆಯ ಕಿಟಕಿಗಳಿಗೆಲ್ಲ ಕಡತಗಳು ಅಡ್ಡ ನಿಂತಿದ್ದರಿಂದ ಹಗಲಲ್ಲೂ ದೀಪ ಉರಿಯುತ್ತಿತ್ತು. ಜವಾನ ಎರಡು ಹೋಳಾದ ಬಿಳಿ ಪಿಂಗಾಣಿ ಕಪ್ಪೊಂದನ್ನು ತಂದಿಟ್ಟ. ಬೆಸುಗೆಯವರಿಗೆಲ್ಲ ಅದೇ ಕಪ್ಪಂತೆ. ಇದು ಯಾರದು ಎಂದು ದೊಡ್ಡಮ್ಮ ಕೇಳಿದಳು. ಇಲಾಖೆಯದು ಎಂದರು ಅಧಿಕಾರಿ. ಹಾಗಾದರೆ ನೀವೊಂದು ಹೋಳು ಹಿಡಿಯಿರಿ ಎಂದರೆ, ಅಭ್ಯರ್ಥಿಯ ಹೊರತು ಬೇರೆ ಯಾರೂ ಮುಟ್ಟುವಂತಿಲ್ಲ, ನಿಯಮವಿದೆ ಎಂದರು.

“ಹೋಗ್ಲಿ, ಒಡೆದಿದ್ದು ಯಾರು?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ ಜವಾನ ಕೈ ಹಿಂದೆ ಕಟ್ಟಿಕೊಂಡ. ಅಧಿಕಾರಿ ಪುಟ ತಿರುವಿ ಹೇಳಿದರು: “ಯಾರೂ ಒಡೆದಿಲ್ಲಮ್ಮ. ದಾಖಲೆ ಪ್ರಕಾರ ಇದು ಮೊದಲಿಂದಲೂ ಒಡೆದಿರೋ ಕಪ್ಪು.”

ದೊಡ್ಡಮ್ಮ ಎರಡೂ ಹೋಳನ್ನು ತಾನೇ ಹಿಡಿದು ಬೆರಳೆಳೆದಳು. ಕೂಡಲಿಲ್ಲ. ಕೂಡುವುದಾದರೂ ಹೇಗೆ? ‘ಶಕ್ತಿ ಇಲ್ಲ’ ಎಂದು ಬರೆದರು. ನನಗೆ ತಡೆಯಲಾಗಲಿಲ್ಲ.

“ಶಕ್ತಿನೇ ಇಲ್ದಿರೋ ಬೆರಳಿಗೆ ಮುದ್ರೆ ಯಾಕೆ ಸ್ವಾಮಿ?”

“ಇಲ್ಲ ಅನ್ನೋದು ಫಲಿತಾಂಶ. ಮುದ್ರೆ ಮುನ್ನೆಚ್ಚರಿಕೆ.”

ಹೀಗೆ ನಮ್ಮ ದೊಡ್ಡಮ್ಮ ತಗಡಿನ ಬೆರಳು ಹೊತ್ತು ಮನೆಗೆ ಬಂದಳು. ರವಿಕೆಯ ಗುಂಡಿ ನಾನು ಹಾಕಬೇಕು, ಈರುಳ್ಳಿ ನಾನು ಸುಲಿಯಬೇಕು. ಜನ ಒಡೆದ ಪಾತ್ರೆ ತರುವುದನ್ನು ಮಾತ್ರ ನಿಲ್ಲಿಸಲಿಲ್ಲ. ಬೇಡ ಎನ್ನಲು ಅವಳಿಗೆ ಬಾಯಿ ಬರದೆ, ಚೂರುಗಳು ಜಗಲಿಯ ತುಂಬ ಸೇರಿದವು. ಒಂದು ಮಧ್ಯಾಹ್ನ, ತೀರಿಹೋದ ದೊಡ್ಡಪ್ಪ ನೀರು ಕುಡಿಯುತ್ತಿದ್ದ ಗಾಜಿನ ಲೋಟ ಅವಳ ಕೈಯಿಂದ ಬಿತ್ತು. ದೊಡ್ಡಪ್ಪ ಹೋದ ಮೇಲೆ ಅದನ್ನು ತೊಳೆದಿಡುವ ಕೆಲಸ ಬೇರೆ ಯಾರಿಗೂ ಬಿಟ್ಟವಳಲ್ಲ. ನೆಲದ ಮೇಲೆ ಕೂತು, ಎರಡು ಚೂರು ಹಿಡಿದು, ಅಭ್ಯಾಸಬಲದಿಂದ ನಿಜ ಹೇಳಿದಳು: “ತಗಡು ಜಾರ್ತು.” ತಗಡಿನ ಬೆರಳನ್ನೇ ಬಿರುಕಿನ ಮೇಲೆ ಎಳೆದಳು. ಆಮೇಲೆ ಅತ್ತಳು.

ನಾನು ಹೊಲಿಗೆಯವಳು. ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಪಕ್ಕದಲ್ಲೇ ಇತ್ತು. ಅವಳ ಕೈಯನ್ನು ಮಣೆಯ ಮೇಲಿಟ್ಟು, ಕತ್ತರಿಯ ಹಿಡಿಯಿಂದ ಮುದ್ರೆಗೆ ಕುಟ್ಟಿದೆ. ನಿನ್ನನ್ನು ಹಿಡಿದುಕೊಂಡು ಹೋಗುತ್ತಾರೆ, ಬೇಡ ಕಣೆ ಎಂದಳು. ಹೋಗಲಿ ಎಂದೆ. ಅರಗು ಒಡೆಯಿತು, ಟೊಪ್ಪಿ ಕಳಚಿತು. ಬಿಳಿಚಿದ ಆ ಬೆರಳಿನಿಂದ ಅವಳು ಮೊದಲು ಲೋಟವನ್ನು ಕೂಡಿಸಿದಳು.

ಮರುದಿನ ಮುದ್ರೆಯ ಎರಡು ಚೂರನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ನಾವಿಬ್ಬರೂ ಅದೇ ಕೋಣೆಗೆ ಹೋದೆವು. ಕತ್ತರಿಯಿಂದ ಕುಟ್ಟಿ ಒಡೆದವಳು ನಾನು, ಬರೆದುಕೊಳ್ಳಿ ಎಂದೆ. ಅಧಿಕಾರಿಯ ಮುಖ ಬಿಳುಪೇರಿತು. ಮುದ್ರೆ ಒಡೆದರೆ ಅದನ್ನು ಒತ್ತಿದವರೂ ಉತ್ತರ ಕೊಡಬೇಕಂತೆ. ದೊಡ್ಡಮ್ಮ ಒಂದು ಚೂರು ತಾನು ಹಿಡಿದು ಇನ್ನೊಂದನ್ನು ಅವರತ್ತ ಚಾಚಿದಳು.

“ಮುದ್ರೆ ನಿಮ್ದು. ಹಿಡ್ಕೊಳ್ಳಿ. ಹೇಗೆ ಒಡೀತು ಅಂತ ನಿಜ ಹೇಳಿ, ಕೂಡಿಸಿಕೊಡ್ತೀನಿ.”

ಅವರು ಹಿಡಿದರು. ಈ ಹೆಂಗಸು ಕತ್ತರಿಯಿಂದ ಒಡೆದಳು ಎಂದರು. ದೊಡ್ಡಮ್ಮ ಬೆರಳೆಳೆದಳು. ಕೂಡಲಿಲ್ಲ.

“ಸ್ವಲ್ಪ ಹಿಂದಿನಿಂದ ಹೇಳಿಪ್ಪ” ಎಂದಳು, ಬೆಕ್ಕಿನ ಮೇಲೆ ತಪ್ಪು ಹಾಕಿದ್ದ ಗಂಡನಿಗೆ ಹೇಳಿದ್ದ ಅದೇ ದನಿಯಲ್ಲಿ.

ಅಧಿಕಾರಿಯ ತುಟಿ ಅಲುಗಿತು. “ಆ ಕಪ್ಪು…” ಎಂದು ಶುರುಮಾಡಿ ಜವಾನನ ಕಡೆ ನೋಡಿದರು, ಬಾಗಿಲಲ್ಲಿ ಕಾಯುತ್ತಿದ್ದವರ ಕಡೆ ನೋಡಿದರು. ಚೂರನ್ನು ಮೇಜಿನ ಮೇಲಿಟ್ಟು ಪೆನ್ನು ಎತ್ತಿಕೊಂಡರು. ಬರೆದದ್ದನ್ನು ನಾನು ತಲೆಕೆಳಗಾಗಿಯೇ ಓದಿದೆ: ಸದರಿ ಮುದ್ರೆ ಮೊದಲಿನಿಂದಲೂ ಒಡೆದದ್ದು.

ನಾನೇ ಒಡೆದೆ ಎಂದು ಬಾಯಿಬಿಟ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನನ್ನು ಹಿಡಿಯಲಿಲ್ಲ, ದೊಡ್ಡಮ್ಮನಿಗೆ ಪರವಾನಗಿ ಕೊಡಲೂ ಇಲ್ಲ. ನಾವಿನ್ನೂ ಹೊಸ್ತಿಲು ದಾಟಿರಲಿಲ್ಲ, ಮುಂದಿನವಳನ್ನು ಕೂಗಿದರು. ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಹೆಬ್ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡು ಒಳಗೆ ಹೋದಳು. ಜವಾನ ಅವಳ ಮುಂದೆ ಅದೇ ಬಿಳಿ ಕಪ್ಪು ತಂದಿಟ್ಟ.