ಬೇವೂರ ಬಯಲಿನಲ್ಲಿ ಬಿಚ್ಚಿದ ಗಂಟು

ಬಾದಾಮಿಯ ಗುಹೆಗಳ ಮುಂದೆ ನಿಲ್ಲಿಸಿ, ಕೊರೆಸಿದ ಅರಸರ ಹೆಸರಿಗಿಂತ ಮೊದಲು ಕೊರೆದವರ ಕೈಗಳನ್ನು ನೆನೆಯಿರೆಂದು ಎರಡು ತಲೆಮಾರಿಗೆ ಇತಿಹಾಸ ಕಲಿಸಿದ ಪ್ರಾಧ್ಯಾಪಕ ಕೃಷ್ಣಾಜಿ ಹುದ್ದಾರರು ಈ ವರ್ಷ, ಎಂದರೆ ೧೯೮೬ರಲ್ಲಿ, ನಿವೃತ್ತರಾಗುತ್ತಿದ್ದಾರೆ.

ಬಾದಾಮಿಯ ಪ್ರೌಢಶಾಲೆಯಲ್ಲಿ ಆರಂಭವಾದ ಅವರ ಸೇವೆ ಹುನಗುಂದದಲ್ಲಿ ಬೇರೂರಿ, ಬಾಗಲಕೋಟೆಯ ಕಾಲೇಜಿನಲ್ಲಿ ಫಲಿಸಿತು. ಹುನಗುಂದದಲ್ಲಿದ್ದಾಗ, ದಸರೆಯ ನಂತರ ತಾಯ್ತಂದೆಯರೊಡನೆ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋದ ಮಕ್ಕಳ ಹೆಸರನ್ನು ಹಾಜರಿಪಟ್ಟಿಯಿಂದ ಹೊಡೆಯದೆ, ಯುಗಾದಿಗೆ ಮರಳಿದವರನ್ನು ತಮ್ಮ ಪಡಸಾಲೆಯಲ್ಲಿ ಕೂಡಿಸಿ ಬಿಟ್ಟ ಪಾಠಗಳನ್ನೆಲ್ಲ ಹೇಳಿಕೊಡುತ್ತಿದ್ದರು. ಪಾಠ ಕಲಿಸುವವರು ಗುರುಗಳು, ಅವಲಕ್ಕಿ ಕಲಸುವವರು ಪತ್ನಿ ರುಕ್ಮಿಣೀಬಾಯಿಯವರು. ದಣಿವು ಮಾತ್ರ ಸಮಪಾಲು.

ದುಡಿಯಲು ಹೋಗಿ ಬರುವ ಇವರ ಹಾಡು, ಹತ್ಯಾರ, ಅಡುಗೆಗಳನ್ನು ಊರೇ ನಿಂತು ಗೌರವಿಸಬೇಕೆಂದು ಗುರುಗಳು ಮೂರು ವರ್ಷ ಅಲೆದು, ಕಬ್ಬು ಕಡಿಯುವವರ ತಂಡದ, ಅವರ ಮಾತಿನಲ್ಲಿ ಟೋಳಿಯ, ಹಿರಿಯಳಾದ ಲಗಮವ್ವನನ್ನು ಒಪ್ಪಿಸಿ, ೧೯೭೬ರಲ್ಲಿ ಅವರದೇ ಊರಾದ ಬೇವೂರಿನಲ್ಲಿ ಹಬ್ಬವನ್ನು ಗೊತ್ತುಮಾಡಿದರು. ಕಬ್ಬಿನ ಸೀಮೆಯಲ್ಲಿ ಟೋಳಿಯವರು ವಾಸಿಸುವಂಥದೇ, ಕಬ್ಬಿನ ಒಣಗರಿಯಾದ ರವದಿಯ ಜೋಪಡಿಯೊಂದನ್ನು ಬಯಲ ನಡುವೆ ಎಬ್ಬಿಸಿದರು. ಕಟ್ಟಿದವನು ಆಗಿನ ವಿದ್ಯಾರ್ಥಿ, ಈಗಿನ ಈ ಲೇಖಕ. ಅಷ್ಟಕ್ಕೆ ಸುಮ್ಮನಿರದೆ, ಟೋಳಿ ಬರುವುದನ್ನು ಕಂಡು ಒಳಗೆ ಅಡಗಿ, ಅವರಿಂದ ಕೆಲಸ ತೆಗೆಯುವ ಮುಕಾದಮನ ಧ್ವನಿಯಲ್ಲಿ "ಏಯ್, ಏಳ್ರಲೇ! ಗಾಡಿ ನಿಂತೈತಿ!" ಎಂದು ಅರಚಿದವನೂ ಇವನೇ.

ನಗೆ ಬರಲಿಲ್ಲ, ಚಪ್ಪಾಳೆ ಬರಲಿಲ್ಲ. ಗುರುಗಳು ಮಾಲೆ ಹಿಡಿದು ನಿಂತಂತೆಯೇ ಹೆಂಗಸರು ಬುತ್ತಿಗಂಟು ಅವಚಿಕೊಂಡು ಹಿಂದೆ ಸರಿದರು. ಹಬ್ಬಕ್ಕೆಂದು ಉಟ್ಟ ಇಳಕಲ್ಲ ಸೀರೆಯ ಸೆರಗನ್ನು ಬಾಯಿಗೊತ್ತಿಕೊಂಡಿದ್ದ ಲಗಮವ್ವ ಗುರುಗಳತ್ತ ತಿರುಗಿದಳು.

"ಮಾಸ್ತರ್ರ, ನಮ್ಮನ್ನ ಊರ ಬಿಡಸಾಕ ಕರದೀರೇನ್ರಿ? ಮನಿ ಇದ್ದ ಊರಾಗ ಯಾರರ ಜೋಪಡಿ ಕಟ್ಟತಾರೇನ್ರಿ?"

ಗುರುಗಳ ಕೈಯಿಂದ ಮಾಲೆ ಜಾರಿತು. ಕಟಾವು ಮುಗಿದ ದಿನ ಜೋಪಡಿ ಬಿಚ್ಚಿ, ಹೊರಳಿ ನೋಡದೆ ಬರುವ ಜನ ಇವರು. ಅದನ್ನು ಸ್ವಂತ ಊರಲ್ಲಿ ಎಬ್ಬಿಸಿದರೆ ಇದ್ದ ಮನೆಯ ಋಣ ಹರಿಯಿತೆಂದೇ ಅರ್ಥ. ಮೂರು ವರ್ಷ ಹಾಡು ಬರೆದುಕೊಂಡವರು ಇದೊಂದನ್ನು ಕೇಳಿರಲಿಲ್ಲ. ಟೋಳಿ ಈಗ ತಿರುಗಿದರೆ ಮತ್ತೆಂದೂ ತಮ್ಮನ್ನು ನಂಬದೆಂದು ಅವರಿಗೆ ಹೊಳೆಯಿತು.

"ಯಾಂವ ಕಟ್ಟ್ಯಾನಿದನ್ನ?" ಟೋಳಿಯ ಹುಲ್ಲಪ್ಪ ಗದರಿದ. "ಕಟ್ಟಿದಾಂವನ ಕೈಲೆ ಬಿಚ್ಚಬೇಕು. ಕುಡಗೋಲ ಹಚ್ಚಂಗಿಲ್ಲ!"

"ನಾನ ಕಟ್ಟೇನಪಾ," ಎಂದರು ಗುರುಗಳು.

ಒಳಗಿದ್ದ ಧ್ವನಿಶೂರ ಮೂಲೆಗೆ ಇನ್ನಷ್ಟು ಮುದುಡಿಕೊಂಡ. ಗುರುಗಳು ಟೊಪ್ಪಿಗೆ ತೆಗೆದಿಟ್ಟು ಗಂಟಿಗೆ ಉಗುರು ಹಾಕಿದರು. ಬೆರಳಲ್ಲಿ ರಕ್ತ ಜಿನುಗಿದರೂ ಒಂದು ಗಂಟೂ ಸಡಿಲಲಿಲ್ಲ. ಲಗಮವ್ವ ಹತ್ತಿರ ಬಂದು ನೋಡಿದಳು.

"ಸುಳ್ಳ ಹೇಳ್ತೀರಿ, ಮಾಸ್ತರ್ರ. ಕಟ್ಟಿದಾಂವಗ ಬಿಚ್ಚಾಕ ಬರ್ತಿತ್ತು. ಒಳಗ ಕುಂತ ಮುಕಾದಮನ್ನ ಹೊರಗ ಕರೀರಿ!"

ಲೇಖಕ ತೆವಳಿ ಹೊರಬಿದ್ದ. ಗುರುಶಿಷ್ಯರಿಬ್ಬರೂ ಕೂಡಿ ಕೊನೆಯ ಗಂಟು ಬಿಚ್ಚಿದ ಮೇಲೆ ಲಗಮವ್ವ ಬುತ್ತಿಯಿಂದ ರೊಟ್ಟಿ, ಪುಂಡಿಪಲ್ಯ ತೆಗೆದು ಗುರುಗಳ ಕೈಗಿಟ್ಟಳು. ಜೋಪಡಿ ಬಿಚ್ಚಿ ಬಂದವರಿಗೆ ಊರಲ್ಲಿ ಮೊದಲ ತುತ್ತು ಸಿಗುವುದು ಹಾಗೆಯೇ.

"ತಿನ್ರಿ. ಈಗ ಮನಿಗಿ ಬಂದ್ರಿ."

ಮಡಿವಂತರ ಮನೆಯ ಕೃಷ್ಣಾಜಿಯವರು ನಿಂತಲ್ಲೇ ತಿಂದರು. ಹಬ್ಬ ನಡೆಯಿತು, ಬರಿಯ ಬಯಲಿನಲ್ಲಿ ಇಂದಿಗೂ ನಡೆಯುತ್ತಿದೆ. ಅಂದು ಕೂಗಿದವನ ಹೆಸರನ್ನು ಅವರು ಕಾಲೇಜಿನಲ್ಲಿ ಯಾರ ಮುಂದೆಯೂ ಎತ್ತಲಿಲ್ಲ. ಎಲ್ಲರ ಮಾತನ್ನೂ ಅಣಕಿಸುವ ಈ ಗಂಟಲಿಗೆ ಆ ಮೌನ ಮಾತ್ರ ಇನ್ನೂ ಒಲಿದಿಲ್ಲ.

ಬರುವ ತಿಂಗಳು ಗುರುಗಳು ಕಾಲೇಜಿನ ವಸತಿಗೃಹವನ್ನು ಬಿಡುತ್ತಾರೆ. ಬಿಟ್ಟ ದಿನವೇ ಬೇವೂರಿಗೆ ಬರಬೇಕೆಂದು, ತಿಂಗಳುಗಟ್ಟಲೆ ಕೆಡದ ಖಡಕ್ ರೊಟ್ಟಿ ಬಡಿದಿಟ್ಟಿರುವುದಾಗಿ ಲಗಮವ್ವ ಹೇಳಿ ಕಳಿಸಿದ್ದಾಳೆ. ಅವರು ಬರೆದಿಟ್ಟ ಹಾಡುಗಳೆಲ್ಲ ಅಚ್ಚಾಗುವವರೆಗೆ, ಆಮೇಲೂ ಬಹುಕಾಲ, ಆ ರೊಟ್ಟಿ ಮುರಿಯುವ ಹಲ್ಲುಗಳನ್ನು ಟೋಳಿಯವರ ದೈವ ಬೀರಪ್ಪ ಗಟ್ಟಿಯಾಗಿಟ್ಟಿರಲಿ.