ಕಡಲಿಗೆ ಹೋದ ಕೊರಳಹಗ್ಗ

ನಮ್ಮೂರು ಬೇಲೂರಿಗೆ ಎರಡು ಮೈಲಿ, ಯಗಚಿ ಹೊಳೆಯ ದಂಡೆ. ಇಲ್ಲಿನ ಗಿಡ್ಡಮ್ಮನ ಮಾತು ಒರಟು, ಮನಸ್ಸು ನೇರ. ಆರು ವರ್ಷದ ಹಿಂದೆ ಅವಳ ಭಾವ ಜವರಯ್ಯ ತನ್ನದೊಂದು ಹಸುವನ್ನು ಅವಳಿಗೆ ಪಾಲಿಗೆ ಸಾಕಲು ಕೊಟ್ಟಿದ್ದ. ಹುಟ್ಟುವ ಕರುಗಳಲ್ಲಿ ಒಂದು ಅವನಿಗೆ, ಒಂದು ಅವಳಿಗೆ. ಆ ಮಳೆಗಾಲವೇ ಹೊಳೆ ಉಕ್ಕಿ, ದಂಡೆಯಲ್ಲಿ ಮೇಯುತ್ತಿದ್ದ ಹಸುವನ್ನು ಎಳೆದುಕೊಂಡು ಹೋಯಿತು. ಕಂಡವಳು ಗಿಡ್ಡಮ್ಮ ಒಬ್ಬಳೇ.

"ಸಂತೇಲಿ ಮಾರ್ಕೊಂಡು ಹೊಳೆ ಮ್ಯಾಲೆ ಹಾಕವ್ಳೆ" ಎಂದರು ಜನ. ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ? ಜವರಯ್ಯ ಏನೂ ಅನ್ನಲಿಲ್ಲ, ಅವಳ ಮನೆ ಮೆಟ್ಟಿಲು ಹತ್ತುವುದನ್ನು ಬಿಟ್ಟ. ಅವಳನ್ನು ಒಳಗೊಳಗೇ ಕೊಂದದ್ದು ಅದೇ. ಊರಿನ ಆ ಮಾತನ್ನು ನಾನೂ ನಂಬಿದ್ದೆ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಕಳೆದ ಬೇಸಿಗೆಯಲ್ಲಿ ದನದ ಆಸ್ಪತ್ರೆಯ ಪ್ರತಿಮಾ ಸ್ಕೂಟರಿನಲ್ಲಿ ಬಂದಳು. ತಮಿಳುನಾಡಿನಲ್ಲಿ ಕಾವೇರಿ ಸಮುದ್ರ ಸೇರುವ ಕಡೆ ಮೇಧಿನಿ ಎಂಬ ನಮ್ಮ ಕನ್ನಡದ ಹುಡುಗಿ ಕಸ ಆಯುತ್ತಾಳಂತೆ. ಬಾಟಲಿ, ಚಪ್ಪಲಿ, ಬಲೆಯ ಚೂರು, ಯಾವುದು ಯಾವ ಊರಿನಿಂದ ಯಾವ ನೀರಿನಲ್ಲಿ ತೇಲಿ ಬಂತೆಂದು ಪತ್ತೆ ಮಾಡುವುದೇ ಅವಳ ಓದು. ಓದಿದವರ ಹುಚ್ಚು ಎಂದು ನಾನು ನಕ್ಕೆ. ಆ ಮೇಧಿನಿಗೆ ದನದ ಕೊರಳಹಗ್ಗವೊಂದು ಸಿಕ್ಕಿತ್ತು. ಗೊರೂರು, ಕನ್ನಂಬಾಡಿ, ಮೆಟ್ಟೂರು ಮೂರು ಅಣೆಕಟ್ಟನ್ನೂ ಅದು ಹೇಗೆ ದಾಟಿತೋ ದೇವರೇ ಬಲ್ಲ! ಅದಕ್ಕೆ ಕಟ್ಟಿದ್ದ ಹಳದಿ ಪ್ಲಾಸ್ಟಿಕ್ ಬಿಲ್ಲೆಯ ಮೇಲಿನ ಸರ್ಕಾರಿ ನಂಬರು ಹುಡುಕಿದರೆ ಗಿಡ್ಡಮ್ಮನ ಹೆಸರು ಬಂತಂತೆ.

ಹಸು ಗಿಡ್ಡಮ್ಮನ ಕೊಟ್ಟಿಗೆಗೆ ಬಂದ ಮೇಲೆ ಆಸ್ಪತ್ರೆಯವರು ಅವಳ ಹೆಸರಿಗೇ ಬರೆದುಕೊಂಡು ಕಿವಿಗೆ ಹಾಕಿದ್ದ ಬಿಲ್ಲೆ ಅದು. ಕಿವಿ ಹರಿದು ಉದುರಿದಾಗ ಅದನ್ನು ಹಗ್ಗಕ್ಕೆ ಕಟ್ಟಿದ್ದವಳು ಅವಳೇ. ಮೊಬೈಲಿನಲ್ಲಿ ಹಗ್ಗದ ಫೋಟೋ ನೋಡಿದ್ದೇ ಪ್ರತಿಮಾಳ ಕೈಹಿಡಿದು ನೇರ ಜವರಯ್ಯನ ಜಗಲಿಗೆ ನಡೆದಳು, ನಾವೂ ಹಿಂದೆ ಹೋದೆವು.

ಗೊಬ್ಬರದ ಚೀಲದ ದಾರ ಬಿಚ್ಚಿ ಆ ಹಗ್ಗ ಹೊಸೆದು ಹಸುವಿನ ಕೊರಳಿಗೆ ಬಿಗಿದವನು ಜವರಯ್ಯನೇ. ನಮ್ಮಲ್ಲಿ ದನ ಮಾರಿದವರು ಹಗ್ಗ ಬಿಚ್ಚಿಕೊಂಡು ಮನೆಗೆ ತರುತ್ತಾರೆ. ಕೊಂಡವರು ಹೊಸ ಹಗ್ಗ ಹಾಕಿ ಹೊಡೆದುಕೊಂಡು ಹೋಗಬೇಕು. ಅವನು ಫೋಟೋವನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ.

"ನಾ ಹಾಕಿದ್ ಗಂಟು ಹಂಗೇ ಐತೆ. ಯಾರೂ ಬಿಚ್ಚಿಲ್ಲ" ಎಂದ. ಆಮೇಲೆ ಎಲ್ಲರ ಮುಂದೆ, "ತಪ್ಪಾಯ್ತು ಕಣವ್ವ. ಐದು ವರ್ಸ ನಿನ್ನ ಬೇಯಿಸ್ಬುಟ್ಟೆ" ಎಂದ.

ಪ್ರತಿಮಾ ಮೇಧಿನಿಗೆ ಫೋನ್ ಹಚ್ಚಿ ಗಿಡ್ಡಮ್ಮನ ಕೈಗೆ ಕೊಟ್ಟಳು.

"ಅಮ್ಮ, ಹಗ್ಗ ನಿಮ್ದು. ಪೋಸ್ಟಲ್ಲಿ ಕಳಿಸ್ಲಾ?" ಎಂದು ಆ ಹುಡುಗಿ ಕೇಳಿದಳು.

"ಬ್ಯಾಡ ಕಣವ್ವ, ನೀನೇ ಮಡಿಕೊ. ನಂಗೆ ಬರ್ಬೇಕಾದ್ದು ಬಂತು. ನಿನ್ ಹೊಟ್ಟೆ ತಣ್ಣಗಿರ್ಲಿ."

ಗಿಡ್ಡಮ್ಮ ಅಳುತ್ತಲೇ ಫೋನಿಗೆ ಕೈ ಮುಗಿದಳು. ನಾನೂ ಕೈ ಮುಗಿದೆ.