ನಾಲ್ಕು ಹಿಡಿಕೆಯ ಪ್ಲೇಟು

ಲಿಂಗಸುಗೂರಿನಿಂದ ತಂದ ಕಬ್ಬಿಣದ ಚೌಕಟ್ಟು ಬಸ್ಸಿನ ಮೇಲಿಂದ ಜಾರಿ ಮಸ್ಕಿ ಹಳ್ಳಕ್ಕೆ ಬೀಳಬಹುದಿತ್ತು. ಬೀಳದಿದ್ದರೂ ದಾರಿಯ ತೆಗ್ಗುಗಳಿಗೆ ಕುಲುಕಿ ಕುಲುಕಿ ಅದರ ಮೂಲೆ ಸೊಟ್ಟಗಾಗಬಹುದಿತ್ತು. ಬಡಿಗೇರರು ಅಳತೆ ತಪ್ಪಿ ಹಿಡಿಕೆಗಳನ್ನು ಗಿಡ್ಡ ಮಾಡಬಹುದಿತ್ತು. ಉಸುಕಿನಲ್ಲಿ ನೀರು ಹೆಚ್ಚಾಗಿ, ಕಾದ ಲೋಹ ಸುರಿದ ಕೂಡಲೇ ಸಿಡಿದು ಮುಖಕ್ಕೆ ಹಾರಬಹುದಿತ್ತು. ನೀರು ಕಡಿಮೆಯಾಗಿ ಅಚ್ಚು ಪುಸಕ್ಕನೆ ಕುಸಿಯಬಹುದಿತ್ತು. ಲೋಹ ಸಾಲದೆ ಪ್ಲೇಟು ಅರ್ಧಕ್ಕೇ ನಿಲ್ಲಬಹುದಿತ್ತು. ಸರಿಯಾಗಿ ಹನ್ನೆರಡು ಗಂಟೆಗೆ ಸೂರ್ಯನಿಗೆ ಮೋಡ ಅಡ್ಡ ಬರಬಹುದಿತ್ತು. ನಾಯಿ ಬಂದು ತುಳಿಯಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಕಾಕಾ ಸಿಟ್ಟಾಗಿ ಟವಲ್ಲು ಹೆಗಲಿಗೆ ಹಾಕಿಕೊಂಡು ಬಳಗಾನೂರು ಬಸ್ಸು ಹತ್ತಿಬಿಡಬಹುದಿತ್ತು.

ಇಷ್ಟನ್ನೂ ನಾನು ಒಂದು ಹಾಳೆಯಲ್ಲಿ ನಂಬರು ಹಾಕಿ ಬರೆದಿಟ್ಟಿದ್ದೆ. ಬರೆದಿಟ್ಟರೆ ಆಗುವುದಿಲ್ಲ ಎಂಬುದೊಂದು ನಂಬಿಕೆ. ಈಗ ತಲೆ ನರೆತರೂ ಹೋಗಿಲ್ಲ. ಕಿರಾಣಿ ಸಾಮಾನಿನ ಪಟ್ಟಿ ಅಂದುಕೊಂಡು ಅದನ್ನು ಎತ್ತಿಕೊಂಡ ನನ್ನ ಹೆಂಡತಿ ಕೊನೆತನಕ ಓದಿ, "ಭೂಕಂಪ ಬರದಿಲ್ಲಲ್ರಿ ಇದರಾಗ?" ಅಂದಳು. ನಾನು ಪೆನ್ನು ತಗೊಂಡು ಬರೆದೆ. ಅವಳು ಹಣೆ ಬಡಕೊಂಡಳು.

ಎಂಬತ್ತರ ದಶಕ ಮುಗಿಯುತ್ತ ಬಂದ ಕಾಲ. ಸಿಂಧನೂರಿನ ಅಂಚಿನಲ್ಲಿ ನಮ್ಮದೊಂದು ಚಿಕ್ಕ ಫೌಂಡ್ರಿ. ಕಬ್ಬಿಣ ಕರಗಿಸಿ ಉಸುಕಿನ ಅಚ್ಚಿಗೆ ಹೊಯ್ದು ಸಣ್ಣಪುಟ್ಟ ಸಾಮಾನು ಮಾಡುವುದು ನಮ್ಮ ಕೆಲಸ. ಅಪ್ಪ ಕಟ್ಟಿದ್ದು. ಅಪ್ಪ ತೀರಿದ ಮೇಲೆ ತಗಡಿನ ಶೆಡ್ಡು, ಒಂದು ಭಟ್ಟಿ, ಉಸುಕಿನ ಗುಡ್ಡೆ ಮತ್ತು ಕಾಕಾ, ಇಷ್ಟು ನನ್ನ ಪಾಲಿಗೆ ಬಂದವು. ಕಾಕಾ ಅಪ್ಪನ ತಮ್ಮನಲ್ಲ. ಮೀಸೆ ಚಿಗುರುವ ವಯಸ್ಸಿನಲ್ಲಿ ಬಳಗಾನೂರಿನಿಂದ ಅಪ್ಪನ ಜೋಡಿ ಬಂದವನು, ಅಲ್ಲಿಂದ ಇಲ್ಲಿತನಕ ಆ ಉಸುಕಿನ ಗುಡ್ಡೆ ಬಿಟ್ಟು ಕದಲಿಲ್ಲ. ಅಚ್ಚು ಕೂಡಿಸುವವನು ಅವನೊಬ್ಬನೇ. ನಾನು ಮಾಲೀಕ, ಅಂದರೆ ಚಿಂತೆ ಮಾಡುವವನು.

ನಮ್ಮ ಮುಖ್ಯ ಮಾಲು, ಭತ್ತ ತೂರುವ ಪಂಖಾದ ಹಿಡಿಕೆ. ಕೈಲೆ ತಿರುವುವ ಪಂಖಾ ಅದು. ಆಗ ಕಾಲುವೆ ಸೀಮೆಯ ಕಣಗಳಲ್ಲೆಲ್ಲ ತಿರುಗುತ್ತಿತ್ತು. ಪಂಖಾ ಕಟ್ಟುವವರು ಮಸ್ಕಿಯಲ್ಲಿದ್ದರು, ಹಿಡಿಕೆ ನಾವು ಕೊಡುತ್ತಿದ್ದೆವು.

ಹಿಡಿಕೆ ಅಂದರೆ ಸಸಾರವಲ್ಲ. ಕಟ್ಟಿಗೆಯ ಹಿಡಿಕೆಯೊಂದನ್ನು ಮಾದರಿಯಾಗಿ ಇಟ್ಟುಕೊಂಡು ಉಸುಕಿನಲ್ಲಿ ಅದರ ಅಚ್ಚು ತೆಗೆಯಬೇಕು. ಕೆಳಗಿನ ಪೆಟ್ಟಿಗೆಯ ಉಸುಕಿನಲ್ಲಿ ಅದು ಸರಿ ಅರ್ಧ ಮುಳುಗಿರಬೇಕು, ಉಳಿದರ್ಧ ಮೇಲಿನ ಪೆಟ್ಟಿಗೆಗೆ. ಆ ಸರಿ ಅರ್ಧದ ಗೆರೆಯನ್ನು ಕರಣಿಯಿಂದ ಉಸುಕು ಕಡಿದು ಮಾಡಬೇಕು. ಹಿಡಿಕೆಯೋ ಮಡಚಿದ ಮೊಣಕೈ ಹಾಗೆ ಬಾಗಿರುತ್ತದೆ, ಗೆರೆ ಅದರ ಜೋಡಿ ಏರಬೇಕು, ಇಳಿಯಬೇಕು. ಒಂದು ಕೂದಲು ತಪ್ಪಿದರೆ, ಕಟ್ಟಿಗೆ ಎತ್ತುವಾಗ ಉಸುಕು ಹರಿದು, ಹೊಯ್ದ ಕಬ್ಬಿಣದ ಅಂಚಿಗೆ ಕೋಳಿ ಜುಟ್ಟಿನಂಥ ರೆಕ್ಕೆ ಮೂಡುತ್ತದೆ. ಕಾಕಾ ಬೀಡಿ ಸೇದುತ್ತ, ಅಪ್ಪನ ಜೋಡಿ ಜಗಳ ಆಡುತ್ತ, ಆ ಗೆರೆ ಕಡಿಯುತ್ತಿದ್ದ.

ಆಮೇಲೆ ಕೋಳಿ ಜುಟ್ಟುಗಳು ಬರತೊಡಗಿದವು.

"ಈ ಸಲದ ಉಸುಕ ಸರಿ ಇಲ್ಲ," ಅಂದ ಕಾಕಾ. ಉಸುಕು ಬದಲಿಸಿದೆವು. "ಕರಣಿ ಮೊಂಡ ಆಗೈತಿ." ಕರಣಿ ಹೊಸದು ತಂದೆವು. ಅವನ ಕಣ್ಣಿಗೆ ಪೊರೆ ಬಂದಿತ್ತು. ಒಂದು ಕಣ್ಣಿಗೆ ಆಪರೇಷನ್ ಆಗಿ, ಅದರಲ್ಲೂ ಹೊಗೆ ತುಂಬಿದಂತೆಯೇ ಕಾಣುತ್ತಿತ್ತು. ಬಸ್ಸಿನ ಬೋರ್ಡು ಓದಲಾರದೆ, ಬಸ್ಸಿನ ಸಪ್ಪಳದ ಮೇಲೆ ಬಳಗಾನೂರಿನದು ಹೌದೋ ಅಲ್ಲವೋ ಅಂತ ಹೇಳುವ ಮಟ್ಟಿಗೆ ಬಂದಿದ್ದ. ಅದನ್ನು ಜಾಣತನ ಅಂತ ಹೇಳಿಕೊಳ್ಳುತ್ತಿದ್ದ.

ಮಸ್ಕಿಯ ಪಂಖಾದವರು ಒಂದು ದಿನ ಹಿಡಿಕೆಯ ಚೀಲವನ್ನು ವಾಪಸು ತಂದು ಶೆಡ್ಡಿನ ಬಾಗಿಲಲ್ಲಿ ಒಗೆದರು.

"ನಿಮ್ಮ ಹಿಡಿಕಿ ತಿರುವಿದ ಆಳು ಕೈಗೆ ಅರಿವಿ ಸುತಗೊಂಡು ಬಂದಾನ್ರಿ. ನೆತ್ತರ ಹರದೈತಿ," ಅಂದರು. ನನ್ನನ್ನು ಹೊರಗೆ ಕರೆದು ದನಿ ತಗ್ಗಿಸಿದರು. "ಮುದುಕಪ್ಪಗ ಕಾಣಾಂಗಿಲ್ಲ. ನಮಗೂ ಗೊತ್ತೈತಿ, ನಿಮಗೂ ಗೊತ್ತೈತಿ. ಬ್ಯಾರೇದವರನ್ನ ಕುಂದರಸ್ರಿ. ಸುಗ್ಗಿ ತನಕ ನೋಡ್ತೀನಿ, ಇಲ್ಲಾಂದ್ರ ಬ್ಯಾರೆ ಕಡಿಗೆ ಮಾಡಸ್ತೀನಿ."

ಕಾಕಾನನ್ನು ಮನೆಗೆ ಕಳಿಸುವುದೆಂದರೆ ಏನು? ಬೆಳಿಗ್ಗೆ ಎದ್ದು ಎಲ್ಲಿಗೂ ಹೋಗಬೇಕಾಗಿಲ್ಲ ಅಂತ ಅವನಿಗೆ ನಾನು ಹೇಳಬೇಕು. ನನಗೆ ಒಂದು ವಾರ ಊಟ ಸೇರಲಿಲ್ಲ. ದಿನಾ ತುರ್ವಿಹಾಳದ ದಾರಿಯ ಗದ್ದೆಗಳಿಗೆ ಹೋಗಿ ಎರಡು ತೆನೆ ಕಿತ್ತು ಕಾಳು ಹಲ್ಲಿಗೆ ಕಡಿದು ನೋಡುತ್ತಿದ್ದೆ: ಹಾಲು ಗಟ್ಟಿಯಾಯಿತೋ, ಸುಗ್ಗಿಗೆ ಇನ್ನೆಷ್ಟು ದಿನ ಉಳಿಯಿತು ಅಂತ. ಉಳಿದ ಕಾಳು ಅಂಗಿಯ ಕಿಸೆಗೆ. ಗದ್ದೆಯವರು ನನ್ನನ್ನು ಭತ್ತದ ದಲಾಲಿ ಅಂದುಕೊಂಡು ರೇಟು ಕೇಳುತ್ತಿದ್ದರು.

ಲಿಂಗಸುಗೂರಿನಲ್ಲಿ ಒಬ್ಬ ಹಿರಿಯರು ತಮ್ಮ ಫೌಂಡ್ರಿ ಮುಚ್ಚುತ್ತಿದ್ದಾರೆ, ಸಾಮಾನು ಮಾರುತ್ತಿದ್ದಾರೆ ಅಂತ ಯಾರೋ ಹೇಳಿದ್ದಕ್ಕೆ ಸುಮ್ಮನೆ ಹೋದೆ. ಮೂಲೆಯಲ್ಲಿ ಎರಡು ಪೆಟ್ಟಿಗೆ, ಅವುಗಳ ನಡುವೆ ಬೆರಳ ದಪ್ಪವೂ ಇಲ್ಲದ ಒಂದು ಕಬ್ಬಿಣದ ಚೌಕಟ್ಟು ಇತ್ತು. ಮೂರಕ್ಕೂ ಒಂದೇ ಮೊಳೆ ಕೂಡುವಂತೆ ತೂತು. ಏನಿದು ಅಂದೆ.

"ಪ್ಲೇಟು ಮಾಡೋ ಸಾಮಾನು," ಅಂದರು ಅವರು. "ಎರಡೂ ಪೆಟ್ಟಿಗಿಯೊಳಗ ಅಚ್ಚು ತಗೀರಿ, ಎಂದಿನಂಗ. ಮುಚ್ಚುವಾಗ ನಡುವ ಈ ಚೌಕಟ್ಟು ಇಡ್ರಿ. ನಡುವ ಸಂದಿ ಉಳೀತದಲ್ಲ, ಅದರಾಗ ಜರ್ಮನ್ ಕರಗಿಸಿ ಹೊಯ್ರಿ." ಜರ್ಮನ್ ಅಂದರೆ ನಮ್ಮ ಕಡೆ ಅಲ್ಯೂಮಿನಿಯಂ. "ಒಂದು ಹಲಗಿ ಬರತೈತಿ. ಮ್ಯಾಲ ಅರ್ಧ ಹಿಡಿಕಿ, ಕೆಳಗ ಅರ್ಧ. ಆಮ್ಯಾಲ ಗೆರಿ ಕಡಿಯೂದ ಇಲ್ಲ. ಹಲಗಿ ನಡುವ ಇಡೂದು, ಎರಡೂ ಕಡಿಗೆ ಉಸುಕ ಕುಟ್ಟೂದು, ಎತ್ತೂದು. ಕಣ್ಣ ಮುಚಗೊಂಡು ಮಾಡಬೌದು."

ಕೊನೆಯ ಮಾತು ಕೇಳಿ ನಾನು ಚೌಕಾಸಿ ಮಾಡುವುದನ್ನೇ ಮರೆತೆ.

ವಾಪಸು ಬರುವಾಗ ಕಂಡಕ್ಟರ್ ಚೌಕಟ್ಟು ನೋಡಿ, "ಕಿಟಕಿದೇನ್ರಿ?" ಅಂದ. ವಿವರಿಸುವ ಧೈರ್ಯವಿಲ್ಲದೆ ಹೌದು ಅಂದೆ. "ಇಷ್ಟ ಸಣ್ಣ ಕಿಟಕಿ? ಬೆಕ್ಕಿಗೆ ಮನಿ ಕಟ್ಟಸಾಕತ್ತೀರೇನು?" ಅಂತ ಇಡೀ ಬಸ್ಸನ್ನು ನಗಿಸಿ ಅದನ್ನು ಮೇಲೆ ಹಾಕಿಸಿದ. ಮಸ್ಕಿಯಲ್ಲಿ ಇಳಿದು ಏಣಿ ಹತ್ತಿ ಹಗ್ಗ ನೋಡಿ ಬಂದೆ. ಹಳ್ಳ ದಾಟುವಾಗ ಕಣ್ಣು ಮುಚ್ಚಿಕೊಂಡೆ. ಏನೂ ಬೀಳಲಿಲ್ಲ.

ಕಾಕಾ ಚೌಕಟ್ಟನ್ನು ಒಮ್ಮೆ ತಡವಿ ನೋಡಿ ದೂರ ಸರಿಸಿದ.

"ಇದು ಶ್ಯಾವಿಗಿ ಒತ್ತಿದಂಗಲೇ. ಶ್ಯಾವಿಗಿ ಒತ್ತೂದಿದ್ರ ನಿನ್ನ ಹೆಂಡ್ತಿಗೆ ಹೇಳು. ನಾ ಎರಕದಾಂವ."

"ನಿನಗಲ್ಲ ಕಾಕಾ, ನನಗ. ನನ್ನ ಕೈಲೆ ಗೆರಿ ಕಡಿಯಾಕ ಬರಂಗಿಲ್ಲ."

"ಅದು ಖರೇ," ಅಂದ, ಒಂದು ಕ್ಷಣವೂ ತಡ ಮಾಡದೆ. ಆಮೇಲೆ ಚೌಕಟ್ಟನ್ನು ಮತ್ತೆ ಹತ್ತಿರ ಎಳೆದುಕೊಂಡ. "ಅಂದ್ರ ಈ ಪ್ಲೇಟು ನಿನಗ?"

"ನನಗ."

"ನನಗಲ್ಲ?"

"ನಿನಗ್ಯಾಕ ಬೇಕು?"

ವಾಪಸು ಬಂದ ಚೀಲ ಇನ್ನೂ ಬಾಗಿಲಲ್ಲೇ ಇತ್ತು. ನಾನು ಅದರ ಬಗ್ಗೆ ಅವನಿಗೆ ಒಂದು ಮಾತೂ ಹೇಳಿರಲಿಲ್ಲ. ಆದರೆ ಅದರ ಬಾಯಿಯ ಗಂಟು ಬಿಚ್ಚಿ ಮತ್ತೆ ಕಟ್ಟಿದ್ದು ನನಗೆ ಕಂಡಿತ್ತು, ಆ ಗಂಟು ಹಾಕುವ ರೀತಿ ಕಾಕಾನದೇ. ಅವನು ಚೀಲದ ಕಡೆ ಮುಖ ಮಾಡಿ, "ಆತು. ಇದೊಂದ ಸಲ ಕಡೀತೀನಿ. ನಿನ್ನ ಸಲುವಾಗಿ," ಅಂದ.

ತೊಡಕು ಅಲ್ಲೇ ಇತ್ತು. ಇನ್ನು ಮುಂದೆ ಗೆರೆ ಕಡಿಯುವುದು ಬೇಡ ಅನ್ನುವ ಪ್ಲೇಟು ಬರಬೇಕಾದರೆ, ಒಮ್ಮೆ, ಎಂದಿಗಿಂತ ನಿಚ್ಚಳವಾಗಿ, ಗೆರೆ ಕಡಿಯಲೇಬೇಕು. ಅದೂ ಒಂದಲ್ಲ, ನಾಲ್ಕು ಹಿಡಿಕೆಗೆ. ಬಡಿಗೇರರು ಸಾಗವಾನಿಯಲ್ಲಿ ನಾಲ್ಕು ಹೊಸ ಹಿಡಿಕೆ ಮಾಡಿಕೊಟ್ಟಿದ್ದರು. ಜರ್ಮನ್ ಆರಿದಾಗ ಕುಗ್ಗುತ್ತದೆ, ಆ ಪ್ಲೇಟಿನ ಅಚ್ಚಿಗೆ ಹೊಯ್ದ ಕಬ್ಬಿಣ ಮತ್ತೆ ಕುಗ್ಗುತ್ತದೆ. ಎರಡೂ ಲೆಕ್ಕ ಹಿಡಿದು ಸ್ವಲ್ಪ ಉದ್ದ ಮಾಡಿ ಅಂತ ಅವರಿಗೆ ಎಷ್ಟು ಸಲ ಹೇಳಿದೆನೆಂದರೆ, ಕೊನೆಗೆ ಅವರು, "ನೀವಾ ಮಾಡಕೋರಿ ಹಂಗಾರ," ಅಂತ ಉಳಿ ನನ್ನ ಕೈಗೆ ಕೊಡಲು ಬಂದಿದ್ದರು.

ಕಾಕಾ ಪೆಟ್ಟಿಗೆಯನ್ನು ಅಂಗಳಕ್ಕೆ ತರಿಸಿದ. ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತ. ಎಡಗೈ ಹೆಬ್ಬೆರಳು ಕಟ್ಟಿಗೆಯ ಹೊಟ್ಟೆಯ ಮೇಲೆ ನಿಧಾನಕ್ಕೆ ನಡೆಯುತ್ತಿತ್ತು, ಅದರ ಹಿಂದೆ ಬಲಗೈ ಕರಣಿ. ಮಾತಿಲ್ಲ, ಬೀಡಿಯಿಲ್ಲ. ಸೂರ್ಯ ನೆತ್ತಿಗೆ ಬಂದಾಗ ನನ್ನನ್ನು ಕರೆದ.

"ಬಾ ಇಲ್ಲೆ. ನೋಡಿ ಹೇಳು."

ನನ್ನ ಜೀವಮಾನದಲ್ಲಿ ಕಾಕಾ ನನ್ನನ್ನು ನೋಡಿ ಹೇಳು ಅಂದದ್ದು ಅದೇ ಮೊದಲು. "ಸರಿ ಐತಿ ಕಾಕಾ," ಅಂದೆ.

"ನಿನ್ನ ಸರಿ ಕೇಳಿಲ್ಲ. ಕಟಗಿ ಕೆಳಗ ನೆಳ್ಳು ಕಾಣತದೇನು?"

ಆಗ ತಿಳಿಯಿತು ಮಧ್ಯಾಹ್ನಕ್ಕೆ ಯಾಕೆ ಕಾದಿದ್ದ ಅಂತ. ಸೂರ್ಯ ನೇರ ನೆತ್ತಿಯ ಮೇಲಿದ್ದಾಗ, ಉಸುಕನ್ನು ಅರ್ಧಕ್ಕಿಂತ ಆಳ ಕಡಿದಿದ್ದರೆ ಹಿಡಿಕೆಯ ಹೊಟ್ಟೆಯ ಕೆಳಗೆ ಕೂದಲಿನಷ್ಟು ನೆರಳು ಬೀಳುತ್ತದೆ. ಸರಿ ಅರ್ಧಕ್ಕೆ ನಿಂತಿದ್ದರೆ ಬೀಳುವುದಿಲ್ಲ.

"ಇಲ್ಲೊಂದು ಐತಿ. ಬಾಗಿದ ಕಡಿಗೆ. ಸಣ್ಣದು."

"ಎಷ್ಟ ಸಣ್ಣದು?"

"ಇರಿವಿ ಸಾಲಿನಷ್ಟು."

ಚಿಟಿಕೆ ಉಸುಕು ಇಟ್ಟು ಒತ್ತಿದ. "ಈಗ?"

"ಹೋತು."

ಅವನ ಹೆಬ್ಬೆರಳು, ನನ್ನ ಕಣ್ಣು, ನಾಲ್ಕು ಹಿಡಿಕೆಗಳ ಸುತ್ತ ಒಂದು ಸುತ್ತು ಹಾಕಿ ಬಂದವು. ಮೋಡ ಬರಲಿಲ್ಲ. ಇಬ್ಬರ ಬೆವರೂ ಉಸುಕಿಗೆ ಬೀಳದ ಹಾಗೆ ತಲೆ ಹಿಂದೆ ಹಾಕಿ ಕೂತಿದ್ದೆವು.

ಮೇಲಿನ ಪೆಟ್ಟಿಗೆ ಇಟ್ಟು ಉಸುಕು ಕುಟ್ಟಿ, ಎತ್ತಿ, ನಾಲ್ಕೂ ಕಟ್ಟಿಗೆ ಹಿಡಿಕೆಗಳನ್ನು ತೆಗೆದದ್ದಾಯಿತು. ಒಂದು ಕಣವೂ ಹರಿಯಲಿಲ್ಲ. "ಚಾ ಕುಡುದು ಬರ್ತೀನಿ. ಮುಟ್ಟಬ್ಯಾಡ," ಅಂದು ಕಾಕಾ ಮೂಲೆಯ ಅಂಗಡಿಗೆ ಹೋದ. ನಾನು ಮುಟ್ಟಲಿಲ್ಲ, ಬರೀ ಬಗ್ಗಿ ನೋಡಿದೆ. ಮತ್ತೆ ನೋಡಿದೆ. ನೋಡುವುದಕ್ಕೇನು?

ಜರ್ಮನ್ ಕರಗುತ್ತಿತ್ತು. ಸಾಲದಿದ್ದರೆ ಇರಲಿ ಅಂತ ಅಡುಗೆಮನೆಯಿಂದ ಒಂದು ಜರ್ಮನ್ ಬೋಗಾಣಿ ತಂದಿಟ್ಟುಕೊಂಡಿದ್ದೆ. ಹೆಂಡತಿ ಹಿಂದೆಯೇ ಬಂದು, "ನಮ್ಮವ್ವ ಕೊಟ್ಟಿದ್ದು ಅದು. ಅದನ್ನ ಕರಗಿಸಿದ್ರ ನಿಮ್ಮನ್ನೂ ಅದರಾಗ ಹಾಕ್ತೀನಿ ನೋಡ್ರಿ," ಅಂತ ಕಸಿದುಕೊಂಡು ಹೋದಳು. ಅಷ್ಟು ಬೇಕಾಗಲೂ ಇಲ್ಲ. ನಡುವೆ ಚೌಕಟ್ಟು ಇಟ್ಟು, ಮೊಳೆ ಕೂಡಿಸಿ, ಮೇಲೆ ಭಾರ ಹೇರಿ, ಕಾಕಾ ಒಂದು ಕಡೆ ನಾನೊಂದು ಕಡೆ ಹಿಡಿದು ಹೊಯ್ದೆವು. ಸಿಡಿಯಲಿಲ್ಲ, ಕುಸಿಯಲಿಲ್ಲ. ನಾಯಿ ದೂರದಲ್ಲೇ ಮಲಗಿ ನೋಡಿತು.

ಆರಿದ ಮೇಲೆ ಒಡೆದು ತೆಗೆದ ಪ್ಲೇಟನ್ನು ಕಾಕಾ ತೊಡೆಯ ಮೇಲೆ ಇಟ್ಟುಕೊಂಡು ಕೂಸನ್ನು ನೀವಿದ ಹಾಗೆ ನೀವಿದ. ಎರಡೂ ಬದಿ ನೀವಿದ. ಮೂರನೆಯ ಹಿಡಿಕೆಯ ತುದಿಯಲ್ಲಿ ಅವನ ಹೆಬ್ಬೆರಳು ಒಂದು ಕ್ಷಣ ನಿಂತಿತು. ಮತ್ತೆ ಮುಂದೆ ಸರಿಯಿತು.

ಪ್ಲೇಟು ನನಗಾಗಿ ಎಂಬ ಮಾತು ಎರಡು ದಿನವೂ ಬಾಳಲಿಲ್ಲ. "ನೀ ಕುಟ್ಟಿದ್ರ ಉಸುಕಿಗೂ ನೋವು ಆಗಾಂಗಿಲ್ಲ, ಸರಿ ಆ ಕಡಿಗೆ," ಅಂತ ಕಾಕಾ ನನ್ನನ್ನು ಎಬ್ಬಿಸಿ ತಾನು ಕೂತ. ಹಲಗೆ ಇಟ್ಟ, ಕುಟ್ಟಿದ, ತಿರುವಿದ, ಕುಟ್ಟಿದ, ಎತ್ತಿದ. ಕಣ್ಣು ಎತ್ತಲೋ. ಮತ್ತೆ ಬೀಡಿ ಹಚ್ಚಿದ. ಅಪ್ಪನಿಲ್ಲವಾದ್ದರಿಂದ ನನ್ನ ಜೋಡಿ ಜಗಳ ತೆಗೆದ.

ಸುಗ್ಗಿಗೆ ಮೊದಲು ನಾನೇ ಹಿಡಿಕೆಯ ಚೀಲ ಮಸ್ಕಿಗೆ ಒಯ್ದೆ. ಪಂಖಾದವರು ಒಂದೊಂದರ ಅಂಚಿಗೂ ಅಂಗೈ ಒತ್ತಿ ಎಳೆದರು. "ಹೊಸಾ ಮನಷ್ಯಾನ್ನ ತಂದೀರಿ. ಚಲೋ ಆತು," ಅಂದರು.

"ಇಲ್ರಿ. ಹಳೇ ಮನಷ್ಯಾನಾ."

ಅವರು ನನ್ನ ಮುಖ ನೋಡಿದರು. ಆಮೇಲೆ ಒಂದು ಹಿಡಿಕೆ ಎತ್ತಿ ತೋರಿಸಿ, "ನಾಕರಾಗ ಒಂದಕ್ಕ ಈ ಗಂಟು ಐತಿ. ಕೈಗೇನು ತ್ರಾಸಿಲ್ಲ, ಇರಲಿ," ಅಂದರು.

ಬಂದವನೇ ಅರ ತಗೊಂಡು ಪ್ಲೇಟಿನ ಮುಂದೆ ಕೂತೆ. ಅರದ ಸಪ್ಪಳಕ್ಕೆ ಕಾಕಾ ಬಂದ.

"ಏನ್ ಮಾಡಾಕತ್ತೀ?"

"ಸಣ್ಣ ಗಂಟು ಐತಿ ಕಾಕಾ. ಉಜ್ಜಿ ತೆಗೀತೀನಿ."

"ಅರ ಕೆಳಗಿಡು." ನನ್ನ ತೋರುಬೆರಳು ಹಿಡಿದು ಮೂರನೆಯ ಹಿಡಿಕೆಯ ತುದಿಯ ಮೇಲೆ ಇಟ್ಟ. "ಮ್ಯಾಲಿಂದು ಏನು?"

"ಭತ್ತದ ಕಾಳು."

"ಕಾಳು ತಾನ ಹಾರಿ ಬಿದ್ದೀತು ಅನ್ನೂಣು. ಅದರ ಕೆಳಗ ಗುಂಡಗ ಉಬ್ಬೈತಲ್ಲ, ಅದೇನು?"

ನಾನು ಬೆರಳು ಹಿಂದಕ್ಕೆಳೆದುಕೊಂಡೆ. ಬಗ್ಗಿ ನೋಡುವಾಗ ಕಿಸೆಯಿಂದ ಒಂದು ಕಾಳು ಅಚ್ಚಿನೊಳಗೆ ಬಿದ್ದಿತ್ತು. ಎತ್ತಲು ಹೋಗಿ ಬೆರಳು ಒತ್ತಿದೆ, ಕಾಳು ಬೆರಳಿಗೆ ಅಂಟಿ ಬಂತು, ಉಸುಕಿನಲ್ಲಿ ತಗ್ಗು ಉಳಿಯಿತು. ಕಾಣಿಸುವಷ್ಟಿಲ್ಲ ಅಂದುಕೊಂಡು ಯಾರಿಗೂ ಹೇಳಿರಲಿಲ್ಲ. ತಗ್ಗು ಪ್ಲೇಟಿನಲ್ಲಿ ಉಬ್ಬಾಗಿ ಮೂಡಿತ್ತು: ಒಂದು ಬೆರಳ ತುದಿ, ಅದಕ್ಕೆ ಅಂಟಿದ ಒಂದು ಭತ್ತದ ಕಾಳು.

"ನಾ ಚಾಕ್ಕ ಹ್ವಾದಾಗ ಎಷ್ಟ ಸಲ ಬಗ್ಗಿ ನೋಡಿದಿ?"

"ನಾಕು."

"ಮೂರಕ್ಕ ನಿಂದರಬೇಕಿತ್ತು."

"ತಗದ ಬಿಡ್ತೀನಿ ಕಾಕಾ."

"ಬ್ಯಾಡಲೇ ತಮ್ಮಾ. ಪ್ಲೇಟು ಇಡುವಾಗ ಯಾವ ತುದಿ ಬಾಗಲ ಕಡಿಗೆ ಬರಬೇಕು ಅಂತ ಅದರ ಮ್ಯಾಲ ನನಗ ಗುರ್ತು. ಅದಿಲ್ಲಂದ್ರ ಪ್ರತಿ ಪೆಟ್ಟಿಗಿಗೂ ನಿನ್ನ ಕರೀಬೇಕು. ನೀ ಬಂದು ಮತ್ತ ನಾಕು ಸಲ ಬಗ್ಗಿ ನೋಡಾಂವ."

ಆ ಪ್ಲೇಟು ತೊಂಬತ್ತರ ದಶಕದಲ್ಲಿ ಬಹಳ ವರ್ಷ ನಡೆಯಿತು, ಕಾಕಾನೂ ನಡೆದ. ನನ್ನ ಹಾಳೆಯಲ್ಲಿ ನಂಬರು ಹಾಕಿ ಬರೆದ ಯಾವುದೂ ಆಗಲಿಲ್ಲ. ಅದರಲ್ಲಿ ಬರೆಯದೆ ಬಿಟ್ಟಿದ್ದ ಒಂದೇ ಒಂದು ಆಯಿತು: ಸಿಂಧನೂರಿನಿಂದ ಮಸ್ಕಿತನಕ ಕಣಗಳಲ್ಲಿ ತಿರುಗಿದ ಪಂಖಾಗಳಲ್ಲಿ, ನಾಲ್ಕಕ್ಕೆ ಒಂದು ಹಿಡಿಕೆಯ ಮೇಲೆ, ಕಬ್ಬಿಣದ ಕಾಳೊಂದನ್ನು ಹೊತ್ತ ನನ್ನ ಬೆರಳು.